ಗ್ರಾಫಿನ ಗೆರೆಯೂ ತೊಗರಿ ಹೊಲದ ಕೂಲಿಯೂ

ವಿದೇಶದಲ್ಲಿ ಓದಲು ಬಯಸುವವರು ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯಲ್ಲಿ ಬರವಣಿಗೆಯ ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಒಂದು ಗ್ರಾಫ್ ಅಥವಾ ಕೋಷ್ಟಕ ಇರುತ್ತದೆ. ಸುಮಾರು 20 ನಿಮಿಷಗಳಲ್ಲಿ, ಕನಿಷ್ಠ 150 ಪದಗಳಲ್ಲಿ ಅದನ್ನು ವರ್ಣಿಸಬೇಕು. ಕಂಡದ್ದನ್ನಷ್ಟೇ ಬರೆಯಬೇಕು, ಕಾರಣ, ಅಭಿಪ್ರಾಯ ಕೂಡದು. ಇಂತಹ ಪ್ರಶ್ನೆಗೆ ನಿರುದ್ಯೋಗದ ಅಂಕಿ ಅಂಶ ಹೇಳಿಮಾಡಿಸಿದ ವಸ್ತು. ಕಲಬುರಗಿಯ ಕನ್ನಡ ಮಾಧ್ಯಮದ ಹುಡುಗನಿಗೆ ಇಲ್ಲಿ ತೊಡಕಾಗುವುದು ದೊಡ್ಡ ಪದಗಳಲ್ಲ, ‘ಟು’ ಮತ್ತು ‘ಬೈ’ ಎಂಬ ಎರಡು ಪುಟ್ಟ ಪದಗಳು.

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯನ್ನೇ ನೋಡಿ. ದೇಶದಲ್ಲಿ 15 ವರ್ಷ ಮೀರಿದವರ ನಿರುದ್ಯೋಗ ಪ್ರಮಾಣ 2017-18ರಲ್ಲಿ ಶೇ. 6.0 ಇದ್ದದ್ದು 2023-24ರಲ್ಲಿ ಶೇ. 3.2ಕ್ಕೆ ಇಳಿಯಿತು. ಈ ‘ಕ್ಕೆ’ ಇಂಗ್ಲಿಷಿನ ‘ಟು’. ‘3.2ರಷ್ಟು ಇಳಿಯಿತು’ ಎಂದರೆ ‘ಬೈ’. ಆಗ ಉಳಿಯುವುದು 2.8. ಕನ್ನಡ ಬಲ್ಲವನು ಮನೆಯಲ್ಲಿ ಈ ತಪ್ಪು ಮಾಡಲಾರ. ವಿಭಕ್ತಿಯನ್ನು ನೆನೆದು ಬರೆದರೆ ಇಂಗ್ಲಿಷಿನಲ್ಲಿಯೂ ಎಡವುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಇಳಿದದ್ದು 2.8 ಶೇಕಡಾವಾರು ಅಂಶ. ಮೊದಲಿದ್ದ ಪ್ರಮಾಣಕ್ಕೆ ಹೋಲಿಸಿದರೆ ಸುಮಾರು ಶೇ. 47 ಇಳಿಕೆ. ಎರಡೂ ಸತ್ಯವೇ. ಯಾವುದನ್ನು ಹೇಳಬೇಕೆಂಬ ಜಾಣತನ ರಾಜಕಾರಣಿಗಳಿಗೆ ಚೆನ್ನಾಗಿ ತಿಳಿದಿದೆ.

ಅಂಕಿಗಳನ್ನು ಗೆರೆಯಾಗಿ ಎಳೆದು ತೋರಿಸುವ ಪದ್ಧತಿಯನ್ನು 1786ರಲ್ಲಿ ಪ್ರಕಟವಾದ ತನ್ನ ಪುಸ್ತಕದಿಂದ ಬಳಕೆಗೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಕಣ್ಣಿಗೆ ಬೇಗ ತಿಳಿಯುತ್ತದೆ ಎಂಬುದೇ ಗ್ರಾಫಿನ ಗುಣ. ಎಣಿಸಿದ ಬಗೆಯನ್ನು ಅದು ಮುಚ್ಚಿಡುತ್ತದೆ ಎಂಬುದು ದೋಷ.

ಆ ಎಣಿಕೆ ಹೇಗೆ ನಡೆಯುತ್ತದೆ? ಕಮಲಾಪುರದ ಕಡೆಯ ಒಬ್ಬ ಕೂಲಿ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಮುಂಗಾರಿನಲ್ಲಿ ತೊಗರಿ ಬಿತ್ತನೆ, ಆಮೇಲೆ ಕಳೆ, ಡಿಸೆಂಬರ್-ಜನವರಿಯಲ್ಲಿ ಕಟಾವು. ಬೇಸಿಗೆ ಬಂದರೆ ಹೊಲ ಬಣಬಣ. ವರ್ಷದ ಬಹುಪಾಲು ಆಕೆ ಕೆಲಸ ಹುಡುಕುತ್ತಲೇ ಇದ್ದರೂ ಒಟ್ಟು 30 ದಿನ ದುಡಿದಿದ್ದರೆ ವಾರ್ಷಿಕ ಲೆಕ್ಕದಲ್ಲಿ ಉದ್ಯೋಗಸ್ಥೆ. ಮೇ ತಿಂಗಳಲ್ಲಿ ಸಮೀಕ್ಷೆಯವರು ಬಂದು, ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯ ಕೆಲಸವೂ ಸಿಗಲಿಲ್ಲವೆಂದು ತಿಳಿದರೆ ವಾರದ ಲೆಕ್ಕದಲ್ಲಿ ಅದೇ ಹೆಣ್ಣುಮಗಳು ನಿರುದ್ಯೋಗಿ. 2023-24ರಲ್ಲಿ ಒಂದು ಲೆಕ್ಕಕ್ಕೆ ಶೇ. 3.2, ಇನ್ನೊಂದಕ್ಕೆ ಶೇ. 4.9 ಬಂದದ್ದು ಹೀಗೆ. ಬೇಸತ್ತು ಕೆಲಸ ಕೇಳುವುದನ್ನೂ, ಸಿಕ್ಕರೆ ಮಾಡುತ್ತೇನೆ ಎನ್ನುವುದನ್ನೂ ಬಿಟ್ಟವಳು ಎರಡರಲ್ಲಿಯೂ ನಿರುದ್ಯೋಗಿಯಲ್ಲ. ಕಾರ್ಮಿಕ ಬಲದಿಂದಲೇ ಹೊರಗೆ! ಹಾಗೆ ಹೊರಬಿದ್ದವರು ಹೆಚ್ಚಿದಷ್ಟೂ ಗೆರೆ ಇಳಿಯುತ್ತದೆ.

ನಮ್ಮಂಥ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲಾಗದು ಎಂದು ಎಂ.ಎಲ್. ದಾಂತವಾಲಾ ಸಮಿತಿ 1970ರಲ್ಲಿಯೇ ಹೇಳಿತ್ತು. ಬೇರೆ ಬೇರೆ ಅಳತೆಗಳು ಬಂದದ್ದು ಆ ಬಳಿಕವೇ.

ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದರೆ ಅಂಕ ಬರುವುದಿಲ್ಲ. ಆದರೆ ‘ಜನರಲ್ಲಿ ಶೇ. 3.2 ಮಂದಿ’ ಎಂದು ಬರೆಯದೆ, ‘ಕಾರ್ಮಿಕ ಬಲದಲ್ಲಿ ಶೇ. 3.2 ಮಂದಿ’ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಗ್ರಾಫಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಆ ಮಾತು ಅಚ್ಚಾಗಿರುತ್ತದೆ.