ರಕ್ತಪಿಶಾಚಿಯ ಒಡೆತನ



ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ಬಳಲಿದನೆಂದು ಕುಮಾರವ್ಯಾಸ ಪರಿಹಾಸ ಮಾಡಿದ್ದಾನೆ. ಈಚಿನ ಎರಡು ದಶಕಗಳ ಇಂಗ್ಲಿಷ್ ಪುಸ್ತಕಪೇಟೆಯನ್ನು ಕಂಡಿದ್ದರೆ ಆ ಮಹಾಕವಿ ಏನೆನ್ನುತ್ತಿದ್ದನೋ! ಅಲ್ಲಿಯ ಭಾರ ರಾಮಕಥೆಯದಲ್ಲ, ಮಾನವಕನ್ಯೆಗೆ ಮನಸೋತ ರಕ್ತಪಿಶಾಚಿಯ ಪ್ರಣಯಕಥೆಯದು. ಅಮೆರಿಕದ ಸ್ಟೆಫೆನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿ ಹೊರಬಂದು, ಆ ಸರಣಿಯ ಹತ್ತು ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾದವು. ಅದೇ ಜಾಡಿನಲ್ಲಿ ಬರೆಯಲು ಹೊರಟವರ ಲೆಕ್ಕ ಇಟ್ಟವರಿಲ್ಲ.

ನನ್ನ ಮೊಮ್ಮಗಳ ಕಪಾಟಿನಲ್ಲಿ ಇಂಥ ಹೊತ್ತಗೆಗಳದೇ ಒಂದು ಸಾಲಿದೆ. ಎಲ್ಲಕ್ಕೂ ಕಪ್ಪು ಹೊದಿಕೆ. ಕುತೂಹಲದಿಂದ ಒಂದನ್ನು ಎಳೆದು ನೋಡಿದರೆ, ಎಮಿಲಿ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ‘ವುದರಿಂಗ್ ಹೈಟ್ಸ್’! ಟ್ವೈಲೈಟಿನ ನಾಯಕ ನಾಯಿಕೆಯರ ಮೆಚ್ಚಿನ ಪುಸ್ತಕವೆಂದು ಸಾರಿ, 2009ರಲ್ಲಿ ಪ್ರಕಾಶಕರು ಅದಕ್ಕೂ ಅದೇ ವೇಷ ತೊಡಿಸಿದ್ದರು. ತೀರಿಹೋದ ಲೇಖಕಿಯನ್ನೂ ಸ್ಪರ್ಧೆಗೆ ಇಳಿಸಿದರಲ್ಲಾ ಎಂದು ನನಗೆ ಸಿಟ್ಟು ಬಂತು. ಹುಡುಗಿ ಅದನ್ನು ಕಡೆಯ ಪುಟದವರೆಗೂ ಓದಿದ್ದಾಳೆಂದು ತಿಳಿದ ಮೇಲೆ, ನಿಜ ಹೇಳಬೇಕೆಂದರೆ, ಸಿಟ್ಟು ಅರ್ಧ ಇಳಿಯಿತು.

ಪೈಪೋಟಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕತ್ತಲ ಶಕ್ತಿಗಳನ್ನು ಬೇಟೆಯಾಡುವ ವೀರರ ಕಲ್ಪನೆ ತಮ್ಮದೆಂದು ಶೆರಿಲಿನ್ ಕೆನ್ಯನ್ 2016ರಲ್ಲಿ ಕಸ್ಸಾಂಡ್ರಾ ಕ್ಲೇರ್ ಅವರ ಮೇಲೆ ದಾವೆ ಹೂಡಿದರು. ಇಂಥ ವ್ಯಾಜ್ಯಗಳಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಭಾರತಕಥೆ ಪಂಪನಿಗೂ ರನ್ನನಿಗೂ ಸಮಾನ ಸ್ವತ್ತಾಗಿತ್ತು. ಪಂಪನಿಂದ ರನ್ನ ಪಡೆದುದನ್ನು ನಾವು ಯಾರೂ ಕಳವೆನ್ನುವುದಿಲ್ಲ. ಕೃತಿಸ್ವಾಮ್ಯದ ಕಾನೂನು ಕೂಡ ಕಲ್ಪನೆಯನ್ನಲ್ಲ, ಅದನ್ನು ಬರಹಕ್ಕಿಳಿಸಿದ ರೀತಿಯನ್ನು ಮಾತ್ರ ಕಾಯುತ್ತದೆ.

ನನ್ನನ್ನು ಕಾಡುವ ನಷ್ಟ ಬೇರೆಯದು. ಅದರ ಕಥೆ ಇಂಗ್ಲಿಷಿನ ಮೊದಲ ಪ್ರಸಿದ್ಧ ರಕ್ತಪಿಶಾಚಿಯಿಂದಲೇ ಆರಂಭವಾಗುತ್ತದೆ. 1816ರ ಬೇಸಗೆಯಲ್ಲಿ ಜಿನೀವಾದ ಬಳಿ ಕವಿ ಬೈರನ್ ಒಂದು ಕಥೆ ಆರಂಭಿಸಿ ಕೈಬಿಟ್ಟ. ಅವನ ತರುಣ ವೈದ್ಯ ಜಾನ್ ಪಾಲಿಡೋರಿ ಆ ಎಳೆಯನ್ನು ಹಿಡಿದು ‘ದಿ ವ್ಯಾಂಪೈರ್’ ಬರೆದ. 1819ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದು ಅದನ್ನು ಬೈರನ್ನನ ಹೆಸರಿನಲ್ಲಿ ಅಚ್ಚು ಹಾಕಿತು. ಇಬ್ಬರೂ ಅಲ್ಲಗಳೆದರು. ಆದರೆ ಮಾರುವ ಹೆಸರು ಯಾವುದೆಂಬುದು ಪೇಟೆಗೆ ಚೆನ್ನಾಗಿ ತಿಳಿದಿತ್ತು. ಪಾಲಿಡೋರಿ 1821ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ತೀರಿಕೊಂಡ.

ನಮ್ಮ ಕಾಲದಲ್ಲಿ ಎಲ್. ಜೆ. ಸ್ಮಿತ್ ಎಂಬಾಕೆಗೆ ಆದುದು ಇದರ ತಿರುವುಮುರುವು. ಟ್ವೈಲೈಟಿಗೂ ಹದಿನಾಲ್ಕು ವರ್ಷ ಮೊದಲು, 1991ರಲ್ಲಿ, ಆಕೆಯ ‘ದಿ ವ್ಯಾಂಪೈರ್ ಡೈರೀಸ್’ ಆರಂಭವಾಯಿತು. ಪುಸ್ತಕ ತಯಾರಿಸಿಕೊಡುವ ಒಂದು ಸಂಸ್ಥೆಯ ಬೇಡಿಕೆಯಂತೆ ಬರೆದುಕೊಟ್ಟದ್ದರಿಂದ ಕರಾರಿನ ಪ್ರಕಾರ ಹಕ್ಕೆಲ್ಲ ಆ ಸಂಸ್ಥೆಯದು. ಟ್ವೈಲೈಟಿನ ಅಲೆಯೆದ್ದ ಮೇಲೆ, 2009ರಲ್ಲಿ, ಅದು ದೂರದರ್ಶನದ ಧಾರಾವಾಹಿಯಾಯಿತು. ಸ್ಮಿತ್ ಮುಂದಿನ ಸಂಪುಟಗಳನ್ನು ಬರೆಯತೊಡಗಿದರು. 2011ರಲ್ಲಿ ಸಂಸ್ಥೆ ಆಕೆಯನ್ನು ತೆಗೆದುಹಾಕಿ, ಅನಾಮಿಕ ಲೇಖಕರಿಂದ ಕಥೆ ಮುಂದುವರಿಸಿತು. ಹೊದಿಕೆಯ ಮೇಲೆ ಮಾತ್ರ ಸ್ಮಿತ್ ಎಂಬ ಹೆಸರು ಹಾಗೆಯೇ ಉಳಿಯಿತು. ಪಾಲಿಡೋರಿಯ ಬರಹಕ್ಕೆ ಪರರ ಹೆಸರು, ಈಕೆಯ ಹೆಸರಿಗೆ ಪರರ ಬರಹ!

ಸ್ಮಿತ್ ಸುಮ್ಮನಾಗಲಿಲ್ಲ. ಅಭಿಮಾನಿಗಳು ತಮಗೆ ಮೆಚ್ಚಿಗೆಯಾದ ಪಾತ್ರಗಳನ್ನಿಟ್ಟು ಕಥೆ ಕಟ್ಟಿ ಮಾರಲು ಅಮೆಜಾನ್ ಒಂದು ವ್ಯವಸ್ಥೆ ಮಾಡಿತ್ತು. ಹಕ್ಕುದಾರರಿಗೂ ಅದರಲ್ಲಿ ಪಾಲು ಸಲ್ಲುತ್ತಿತ್ತು. 2014ರಲ್ಲಿ ಈ ತಾಯಿ ಆ ಬಾಗಿಲಿನಿಂದ ಒಳಹೊಕ್ಕು, ತಾನೇ ಹೆತ್ತ ಪಾತ್ರಗಳ ಅಭಿಮಾನಿಯಾಗಿ ಅವುಗಳ ಕಥೆಯನ್ನು ಮುಂದುವರಿಸಿದಳು. 2018ರಲ್ಲಿ ಆ ವ್ಯವಸ್ಥೆಯೂ ಮುಚ್ಚಿತು. 2025ರಲ್ಲಿ ಸ್ಮಿತ್ ತೀರಿಕೊಂಡರು.

ಸರಣಿಯ ಸಂಪುಟಗಳು ಮೊಮ್ಮಗಳ ಕಪಾಟಿನಲ್ಲೂ ಇವೆ. ಯಾವುವು ಆಕೆಯವು, ಯಾವುವು ಅಲ್ಲ ಎಂದು ಮೊನ್ನೆ ಕೇಳಿದೆ. ಹುಡುಗಿ ಎದ್ದು ಬಂದು, ನಡುವೆ ಒಂದು ಕಡೆ ಬೆರಳಿಟ್ಟು, “ಇಲ್ಲಿವರೆಗೆ ಅಜ್ಜ” ಎಂದಳು.