ಟ್ರೆಕ್ಕಿಂಗ್ ಬ್ಯಾಗ್ ತಗೊಳ್ಳೋ ಮುಂಚೆ ನಿಮ್ಮ ಬೆನ್ನು ಅಳೀರಿ



ಇವತ್ತು ನಾನು ಮಾತಾಡೋಕೆ ಬಂದಿರೋದು ಒಂದು ಬ್ಯಾಗಿನ ಬಗ್ಗೆ. ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಎಐ ಬಗ್ಗೆ ಏನಾದ್ರೂ ಹೇಳ್ತಾಳೆ ಅಂತ ಬಂದವರು ಕ್ಷಮಿಸಬೇಕು. (ನಗು) ಒಂದು ದಿನದ ಟ್ರೆಕ್ಕಿಗೆ ಬೆನ್ನಿಗೆ ಹಾಕ್ಕೊಂಡು ಹೋಗ್ತೀವಲ್ಲ, ಆ ಬ್ಯಾಗು. ಅದರಲ್ಲೂ ಹೆಂಗಸರ ಮೈಗೆ ಒಗ್ಗುವ ಬ್ಯಾಗು. ಇದರಲ್ಲಿ ಮಾತಾಡೋಕೆ ಏನಿದೆ ಅಂತ ನಿಮಗೆ ಅನ್ನಿಸಬಹುದು. ರಾಜಗಡದ ಮೇಲೆ ನನ್ನ ಬಲಗೈ ಕೈಕೊಡೋ ತನಕ ನನಗೂ ಹಾಗೇ ಅನ್ನಿಸಿತ್ತು.

ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತು. ಪುಣೆಯಲ್ಲಿ ಇರೋರಿಗೆ ಗೊತ್ತು, ಇಲ್ಲಿ ಶುಕ್ರವಾರ ಸಂಜೆ ಆಫೀಸಿನ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ಈ ವಾರ ಯಾವ ಕೋಟೆ? ನನ್ನ ಮೊದಲ ಟ್ರೆಕ್ ರಾಜಗಡ. ಶಿವಾಜಿ ಮಹಾರಾಜರು ರಾಯಗಡಕ್ಕೆ ಹೋಗುವ ಮುಂಚೆ ವರ್ಷಗಟ್ಟಲೆ ರಾಜಧಾನಿ ಮಾಡಿಕೊಂಡಿದ್ದ ಕೋಟೆ ಅದು. ಗುಂಜವಣೆ ಊರಿನಿಂದ ಹತ್ತಿ ಚೋರ ದರವಾಜಾ ಮೂಲಕ ಪದ್ಮಾವತಿ ಮಾಚಿಗೆ ಸೇರೋ ದಾರಿ. ನನ್ನ ಹತ್ತಿರ ಇದ್ದದ್ದು ಲ್ಯಾಪ್‌ಟಾಪ್ ಬ್ಯಾಗು. ಲ್ಯಾಪ್‌ಟಾಪ್ ತೆಗೆದು, ಮೂರು ಲೀಟರ್ ನೀರು, ಚಪಾತಿ, ಜಾಕೆಟ್ ತುರುಕಿಕೊಂಡು ಹೊರಟೆ.

ಒಂದೂವರೆ ಗಂಟೆ ಹತ್ತೋ ಹೊತ್ತಿಗೆ ಹೆಗಲು ಉರಿಯೋಕೆ ಶುರುವಾಯ್ತು. ಆಮೇಲೆ ಉರಿ ನಿಂತಿತು. ಅದು ಒಳ್ಳೇದಾಯ್ತು ಅಂದ್ಕೊಂಡೆ. ಆದ್ರೆ ಉರಿ ನಿಂತಿದ್ದು ಜೋಮು ಹಿಡಿದಿದ್ದಕ್ಕೆ. ಚೋರ ದರವಾಜಾ ಹತ್ತಿರ ಬಂಡೆಗೆ ಕಂಬಿ ಹಾಕಿದ್ದಾರೆ, ಅದನ್ನ ಹಿಡ್ಕೊಂಡೇ ಹತ್ತಬೇಕು. ಬಲಗೈಯಲ್ಲಿ ಕಂಬಿ ಹಿಡಿದೆ. ಹಿಡಿದಿದ್ದೇನೋ ಕಣ್ಣಿಗೆ ಕಾಣ್ತಿದೆ, ಕೈಗೆ ಗೊತ್ತಾಗ್ತಿಲ್ಲ. ಬೆರಳು ಜಾರಿತು. ಹಿಂದೆ ಇದ್ದ ಸಹೋದ್ಯೋಗಿ ಬ್ಯಾಗಿನ ಹಿಡಿ ಹಿಡಿದು ಎಳೀದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ನಿಂತು ಮಾತಾಡ್ತಿದ್ದೆನೋ ಇಲ್ಲವೋ.

ಅವನು ಒಳ್ಳೆ ಹುಡುಗ. "ದೇ ಇಕಡೇ, ಮೀ ಘೇತೋ" ಅಂದ, ಅಂದ್ರೆ ಕೊಡು ಇಲ್ಲಿ, ನಾನು ಹಿಡ್ಕೋತೀನಿ ಅಂತ. ಕೊಟ್ಟೆ. ಅವತ್ತಿನಿಂದ ಗ್ರೂಪಿನಲ್ಲಿ ಒಂದು ನಿಯಮ ಆಗಿಬಿಡ್ತು: ನನ್ನ ಬ್ಯಾಗು ಯಾರಾದರೂ ಹೊರೋದು, ನಾನು ಬಿಸ್ಕೆಟ್ ಪ್ಯಾಕೆಟ್ ಹಿಡ್ಕೊಳ್ಳೋದು. ಆಮೇಲೆ ಕಷ್ಟದ ಟ್ರೆಕ್ ಇದ್ದಾಗ ನನ್ನನ್ನ ಕರೆಯೋದೂ ಕಡಿಮೆ ಆಯ್ತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಆದ್ರೆ "ಅವಳಿಗೆ ಆಗಲ್ಲ" ಅನ್ನೋದು ತೀರ್ಮಾನ ಆಗಿತ್ತು. ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ.

ಮಧ್ಯದಲ್ಲಿ ಒಂದು ದುಬಾರಿ ಬ್ಯಾಗು ತಗೊಂಡೆ. ನಲವತ್ತು ಲೀಟರ್, ತುಂಬಾ ಬಕಲ್, ತುಂಬಾ ಜಿಪ್. ಅಂಗಡಿಯವನು "ಯುನಿಸೆಕ್ಸ್, ಮೇಡಂ" ಅಂದ. ಅದರಲ್ಲೂ ಅದೇ ಉರಿ, ಅದೇ ಜೋಮು. ದುಡ್ಡು ಕೊಟ್ಟರೂ ನೋವು ಹೋಗಲಿಲ್ಲ ಅಂದಮೇಲೆ ತಪ್ಪು ನನ್ನದೇ ಇರಬೇಕು ಅಂದ್ಕೊಂಡೆ.

ಕಣ್ಣು ತೆರೆಸಿದ್ದು ನಮ್ಮವ್ವ. ಧಾರವಾಡದಿಂದ ಬಂದಿದ್ದಳು. ನಾನು ಬ್ಯಾಗ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಸ್ಟ್ರಾಪು ಎಳೀತಾ ಇದ್ದೆ. ನೋಡಿ ಅಂದಳು: "ಏನವಾ ಅದು, ಎಲ್ಲಾ ಭಾರ ಹೆಗಲಿಗೇ ಹಾಕೀದಿ? ನಾವು ಕೆರಿಯಿಂದ ಕೊಡ ತರೋವಾಗ ಹೆಗಲಿಗೆ ನೇತ್ಹಾಕ್ಕೊಂಡು ತರ್ತಿದ್ವೇನು? ಟೊಂಕದ ಮ್ಯಾಲೆ ಇಟ್ಕೊಂಡ್ರ ಎಷ್ಟು ದೂರ ಬೇಕಾದ್ರೂ ನಡೀಬಹುದು."

ನಾನು ಎಂಟೆಕ್ ಮಾಡಿದವಳು. ಆ ಬ್ಯಾಗಿಗೆ ಸೊಂಟಪಟ್ಟಿ ಇತ್ತು, ದಪ್ಪನೆಯ ಹಿಪ್ ಬೆಲ್ಟು. ಅದು ನನ್ನ ಸೊಂಟದ ಮೂಳೆಗಿಂತ ನಾಲ್ಕು ಬೆರಳು ಕೆಳಗೆ ಜೋತಾಡ್ತಿತ್ತು. ಅದು ಇರೋದು ಅಲಂಕಾರಕ್ಕೆ ಅಂದ್ಕೊಂಡಿದ್ದೆ.

ಆ ರಾತ್ರಿ ಕೂತು ಓದಿದೆ. ಓದಿ, ಅಳೆದು, ಆಮೇಲೆ ಎಷ್ಟೋ ಬ್ಯಾಗ್ ಹಾಕಿ ನೋಡಿ ಕಲಿತಿದ್ದನ್ನ ಈಗ ಹೇಳ್ತೀನಿ.

ಮೊದಲನೇದು, ಬ್ಯಾಗಿನ ಸೈಜು ಅಂದ್ರೆ ಲೀಟರ್ ಅಲ್ಲ. ಲೀಟರ್ ಅನ್ನೋದು ಒಳಗೆ ಎಷ್ಟು ಸಾಮಾನು ಹಿಡಿಸುತ್ತೆ ಅನ್ನೋ ಲೆಕ್ಕ. ನಿಮಗೆ ಆಗುತ್ತೋ ಇಲ್ವೋ ಅನ್ನೋದು ತಿಳಿಯೋದು ಬೆನ್ನಿನ ಉದ್ದದಿಂದ. ಇದನ್ನ ಟಾರ್ಸೋ ಲೆಂಗ್ತ್ ಅಂತಾರೆ. ಅಳೆಯೋದು ಸುಲಭ. ತಲೆ ಮುಂದಕ್ಕೆ ಬಗ್ಗಿಸಿ, ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿಕೊಂಡು ಕೈಗೆ ಸಿಗುತ್ತೆ. ಅದು ಮೇಲಿನ ಗುರುತು. ಈಗ ಎರಡೂ ಕೈಯನ್ನ ಸೊಂಟದ ಮೂಳೆಯ ಮೇಲಿನ ಅಂಚಿನ ಮೇಲೆ ಇಡಿ, ಹೆಬ್ಬೆರಳು ಬೆನ್ನ ಕಡೆ ಇರಲಿ. ಎರಡು ಹೆಬ್ಬೆರಳ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಅದು ಕೆಳಗಿನ ಗುರುತು. ಇವೆರಡರ ನಡುವೆ, ಬೆನ್ನಿನ ಬಾಗಿನ ಜೊತೆಗೇ ಟೈಲರ್ ಟೇಪ್ ಇಟ್ಟು ಅಳೀಬೇಕು. ಒಬ್ಬರೇ ಮಾಡೋಕೆ ಆಗಲ್ಲ, ಯಾರಾದರೂ ಹಿಡೀಬೇಕು. ನನಗೆ ಹಿಡಿದಿದ್ದು ಅವ್ವ. ನನ್ನ ಬೆನ್ನು 41 ಸೆಂಟಿಮೀಟರ್. ಆ ದುಬಾರಿ ಬ್ಯಾಗಿನ ಚೀಟಿ ಹುಡುಕಿ ನೋಡಿದ್ರೆ ಅದು 48ರಿಂದ 53ಕ್ಕೆ ಮಾಡಿದ್ದು!

ಎತ್ತರ ನೋಡಿ ಇದನ್ನ ಊಹಿಸಬೇಡಿ. ನಾನು ಐದಡಿ ನಾಲ್ಕಿಂಚು. ನನಗಿಂತ ಕುಳ್ಳಗಿರೋ ನನ್ನ ಗೆಳತಿಯ ಬೆನ್ನು 43. ಅವಳಿಗೆ ಬೆನ್ನು ಉದ್ದ, ನನಗೆ ಕಾಲು ಉದ್ದ, ಅಷ್ಟೇ.

ಎರಡನೇದು, ಹೆಂಗಸರ ಬ್ಯಾಗು ಅಂತ ಬೇರೆ ಮಾಡೋದು ಯಾಕೆ? ಬರೀ ಬಣ್ಣಕ್ಕೋ? ಕೆಲವು ಬರೀ ಬಣ್ಣಕ್ಕೇ ಇರ್ತವೆ, ಹುಷಾರಾಗಿರಿ. ನಿಜವಾಗಿ ಹೆಂಗಸರಿಗೆ ಅಂತ ಮಾಡಿದ ಬ್ಯಾಗಲ್ಲಿ ನಾಲ್ಕು ವ್ಯತ್ಯಾಸ ಇರುತ್ತೆ. ಬೆನ್ನಿನ ಭಾಗ ಗಿಡ್ಡ. ಎರಡು ಹೆಗಲಪಟ್ಟಿಗಳ ನಡುವಿನ ಅಂತರ ಕಡಿಮೆ. ಪಟ್ಟಿಗಳು ನೇರವಾಗಿ ಇಳಿಯೋ ಬದಲು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿ ಎದೆಯ ಪಕ್ಕಕ್ಕೆ ಹೋಗ್ತವೆ. ಸೊಂಟಪಟ್ಟಿ ಓರೆಯಾಗಿ, ಸೊಂಟದ ಆಕಾರಕ್ಕೆ ಕೂರುತ್ತೆ. ಡ್ಯೂಟರ್ ಕಂಪನಿಯ ಎಸ್‌ಎಲ್ ಅಂತ ಬರೆದ ಬ್ಯಾಗುಗಳು, ಆಸ್ಪ್ರೇಯ ಟೆಂಪೆಸ್ಟ್, ಗ್ರೆಗರಿಯ ಜೇಡ್ ಈ ಥರದವು. ಇವನ್ನೇ ತಗೊಳ್ಳಿ ಅಂತ ಹೇಳ್ತಿಲ್ಲ. ಒಂದು ಸಲ ಹಾಕಿ ನೋಡಿ, ವ್ಯತ್ಯಾಸ ಏನು ಅಂತ ಮೈಗೆ ಗೊತ್ತಾಗುತ್ತೆ. ಅಗಲ ಹೆಗಲು, ಉದ್ದ ಬೆನ್ನು ಇರೋ ಹೆಂಗಸರಿಗೆ ಗಂಡಸರ ಬ್ಯಾಗೇ ಸರಿಹೋಗಬಹುದು. ಗಿಡ್ಡ ಬೆನ್ನಿನ ಗಂಡಸರಿಗೆ ಹೆಂಗಸರ ಬ್ಯಾಗೂ ಆಗುತ್ತೆ. ಲೇಬಲ್ ನೋಡಬೇಡಿ, ಸೆಂಟಿಮೀಟರ್ ನೋಡಿ.

ಹೆಗಲಪಟ್ಟಿಗಳು ಅಗಲಕ್ಕಿದ್ರೆ ಏನಾಗುತ್ತೆ? ಅವು ಹೊರಗಡೆಗೆ ಜಾರ್ತವೆ. ಜಾರಬಾರದು ಅಂತ ನಾವು ಬಿಗೀತೀವಿ. ಬಿಗಿದಷ್ಟೂ ಕುತ್ತಿಗೆಯಿಂದ ತೋಳಿಗೆ ಹೋಗೋ ನರಗಳ ಮೇಲೆ ಒತ್ತಡ ಬೀಳುತ್ತೆ. ನನ್ನ ಕೈ ಜೋಮು ಹಿಡಿದಿದ್ದು ಹಾಗೆ. ಭಾರದ ಬ್ಯಾಗ್ ಹೊರುವ ಸೈನಿಕರಲ್ಲೂ ಈ ತೊಂದರೆ ಕಂಡಿದ್ದಾರೆ, ಡಾಕ್ಟರುಗಳು ಅದಕ್ಕೆ ಬ್ಯಾಗಿನ ಹೆಸರನ್ನೇ ಇಟ್ಟಿದ್ದಾರೆ. ಬ್ಯಾಗ್ ಇಳಿಸಿದ ಮೇಲೂ ಜೋಮು ಹೋಗದಿದ್ರೆ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ.

ಮೂರನೇದು, ಭಾರದ ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ. ಬಿಸಿಲಿನ ದಿನ ಮೂರು ಲೀಟರ್ ಬೇಕೇ ಬೇಕು. ಊಟ, ಜಾಕೆಟ್, ಟಾರ್ಚ್, ಪವರ್ ಬ್ಯಾಂಕ್, ಔಷಧಿ, ಬ್ಯಾಗಿನ ಸ್ವಂತ ತೂಕ ಎಲ್ಲಾ ಸೇರಿ ಐದೂವರೆ, ಆರು ಕಿಲೋ. ಒಂದು ದಿನದ ಬ್ಯಾಗು ಮೈತೂಕದ ಹತ್ತರಲ್ಲಿ ಒಂದು ಪಾಲು ಇದ್ರೆ ಸಾಕು ಅಂತ ಸಾಮಾನ್ಯವಾಗಿ ಹೇಳ್ತಾರೆ. ನಮ್ಮಂಥವರಿಗೆ ಅದು ಸರಿಯಾಗಿ ಅಷ್ಟಕ್ಕೇ ಬಂದು ನಿಲ್ಲುತ್ತೆ. ಇಷ್ಟು ಭಾರವನ್ನ ಸೊಂಟಕ್ಕೆ ಇಳಿಸಬೇಕು ಅಂದ್ರೆ ಎರಡು ವಸ್ತು ಬೇಕು: ಮೆತ್ತೆ ಇರೋ ಸೊಂಟಪಟ್ಟಿ, ಮತ್ತೆ ಬೆನ್ನ ಹಿಂದೆ ಒಂದು ಗಟ್ಟಿ ಹಾಳೆ ಅಥವಾ ಕಂಬಿ. ಬ್ಯಾಗು ಚೀಲದ ಹಾಗೆ ಮುದುಡಿಕೊಂಡ್ರೆ ಭಾರ ಕೆಳಗೆ ಇಳಿಯೋದೇ ಇಲ್ಲ. ಹದಿನೈದು ಲೀಟರ್‌ನ ಸಣ್ಣ ಬ್ಯಾಗುಗಳಲ್ಲಿ ತೆಳ್ಳನೆ ಪಟ್ಟಿ ಮಾತ್ರ ಇರುತ್ತೆ. ಅದು ಬ್ಯಾಗು ಅಲ್ಲಾಡದ ಹಾಗೆ ನೋಡ್ಕೊಳ್ಳುತ್ತೆ, ಭಾರ ಹೊರಲ್ಲ. ಸಹ್ಯಾದ್ರಿಯ ಒಂದು ದಿನದ ಟ್ರೆಕ್ಕಿಗೆ 20ರಿಂದ 28 ಲೀಟರ್ ಒಳಗಿನ ಬ್ಯಾಗು ನನಗೆ ಸರಿ ಅನ್ನಿಸಿದೆ. ನಲವತ್ತು ಲೀಟರ್ ತಗೊಂಡ್ರೆ ನಲವತ್ತು ಲೀಟರ್ ತುಂಬಿಸ್ತೀವಿ, ನಮ್ಮ ಫ್ಲಾಟಿನ ಕಪಾಟುಗಳ ಕಥೆ ಗೊತ್ತಲ್ಲ. (ನಗು)

ಹಾಕ್ಕೊಳ್ಳೋಕೂ ಒಂದು ಕ್ರಮ ಇದೆ. ಎಲ್ಲಾ ಪಟ್ಟಿ ಸಡಿಲ ಮಾಡಿ. ಮೊದಲು ಸೊಂಟಪಟ್ಟಿ, ಅದರ ಮಧ್ಯಭಾಗ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಬಿಗೀರಿ. ಆಮೇಲೆ ಹೆಗಲಪಟ್ಟಿ, ಬೆನ್ನಿಗೆ ತಾಗುವಷ್ಟೇ ಬಿಗಿ. ಕೊನೆಗೆ ಎದೆಪಟ್ಟಿ, ಕತ್ತಿನ ಮೂಳೆಗಿಂತ ಎರಡು ಮೂರು ಬೆರಳು ಕೆಳಗೆ, ದೀರ್ಘವಾಗಿ ಉಸಿರು ಎಳೆದ್ರೂ ಹಿಡೀಬಾರದು. ಎದೆಪಟ್ಟಿ ಮೇಲೆ ಕೆಳಗೆ ಸರಿಯುತ್ತಾ ನೋಡಿ. ಸರಿಯದೆ ಇರೋದು ಹೆಂಗಸರಿಗೆ ಬೇಡವೇ ಬೇಡ. ಭಾರದ ಸಾಮಾನು, ಅಂದ್ರೆ ನೀರು, ಬೆನ್ನಿಗೆ ಹತ್ತಿರ ಇರಲಿ. ಅದೇ ನೀರು ಬೆನ್ನಿನಿಂದ ಹತ್ತು ಸೆಂಟಿಮೀಟರ್ ಬದಲು ಇಪ್ಪತ್ತು ಸೆಂಟಿಮೀಟರ್ ದೂರ ಇದ್ರೆ ಹಿಂದಕ್ಕೆ ಎಳೆಯೋದು ಎರಡು ಪಟ್ಟು.

ಬೆನ್ನಿಗೆ ಗಾಳಿ ಆಡಲಿ ಅಂತ ಜಾಲರಿ ಎಳೆದು ಬಿಗಿದ ಬ್ಯಾಗುಗಳು ಬರ್ತವೆ. ಬೇಸಿಗೆಯಲ್ಲಿ ಹಿತ. ಆದ್ರೆ ಅವು ಭಾರವನ್ನ ಸ್ವಲ್ಪ ಹಿಂದಕ್ಕೆ ತಳ್ತವೆ. ಕಳಸೂಬಾಯಿಯಂಥ ಕಡೆ ಕಬ್ಬಿಣದ ಏಣಿ ಹತ್ತೋವಾಗ ಅದು ಗೊತ್ತಾಗುತ್ತೆ. ಮಳೆಗಾಲಕ್ಕೆ ರೇನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನ ಕಡೆಯಿಂದ ನೀರು ಇಳಿದೇ ಇಳಿಯುತ್ತೆ. ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು ಇಡಿ.

ಇನ್ನು ಅಂಗಡಿಯವರು ಹೇಳದ ಕೆಲವು ವಿಷಯ. ನಾವು ಹೆಂಗಸರು ಟ್ರೆಕ್ಕಲ್ಲಿ ನೀರು ಕಡಿಮೆ ಕುಡೀತೀವಿ. ಯಾಕೆ ಅಂತ ಇಲ್ಲಿರೋ ಹೆಂಗಸರಿಗೆಲ್ಲ ಗೊತ್ತು: ಮೇಲೆ ಟಾಯ್ಲೆಟ್ ಇಲ್ಲ. ನಾನೂ ಹಾಗೇ ಮಾಡಿ, ತಲೆನೋವು ತಗೊಂಡು, ಒಂದು ಸಲ ಮೂತ್ರದ ಸೋಂಕು ಮಾಡ್ಕೊಂಡು ವಾರ ಮಲಗಿದ್ದೆ. ಅದರ ಮೇಲೆ ಬಾಟಲಿ ತೆಗೀಬೇಕು ಅಂದ್ರೆ ಬ್ಯಾಗು ಇಳಿಸಬೇಕು ಅನ್ನೋ ಹಾಗಿದ್ರೆ ಕಥೆ ಮುಗೀತು. ಅದಕ್ಕೆ ಅಂಗಡಿಯಲ್ಲೇ ಬ್ಯಾಗ್ ಹಾಕ್ಕೊಂಡು ಪಕ್ಕದ ಜೇಬಿನ ಬಾಟಲಿ ತೆಗೆದು, ಮತ್ತೆ ವಾಪಸ್ ಇಟ್ಟು ನೋಡಿ. ಕೈಗೆ ಸಿಗದಿದ್ರೆ ಆ ಬ್ಯಾಗು ಬೇಡ. ಸ್ಯಾನಿಟರಿ ಪ್ಯಾಡಿಗೆ, ಬಳಸಿದ್ದನ್ನ ವಾಪಸ್ ತರೋ ಮುಚ್ಚಿದ ಪೌಚಿಗೆ, ಟಿಶ್ಯೂಗೆ ಅಂತ ಸುಲಭವಾಗಿ ಸಿಗೋ ಒಂದು ಬೇರೆ ಜೇಬು ಇರಲಿ. ಕರಿಮಣಿ ಸರ ಅಥವಾ ಚೈನು ಪಟ್ಟಿಯ ಕೆಳಗೆ ಸಿಕ್ಕಿಕೊಂಡ್ರೆ ಚರ್ಮ ಕಿತ್ತುಬರುತ್ತೆ, ಬಟ್ಟೆಯ ಒಳಗೆ ಮಧ್ಯಕ್ಕೆ ಎಳ್ಕೊಳ್ಳಿ. ಜಡೆ ಇರೋರು ಅಂಗಡಿಯಲ್ಲಿ ಜಡೆ ಹಾಕ್ಕೊಂಡೇ ತಲೆ ಎತ್ತಿ ನೋಡಿ, ಬ್ಯಾಗಿನ ತುದಿ ತಾಗುತ್ತಾ ಅಂತ.

ಕೊನೇದಾಗಿ, ಖಾಲಿ ಬ್ಯಾಗು ಹಾಕಿ ನೋಡಿ ಕೊಳ್ಳಬೇಡಿ. ಖಾಲಿ ಇದ್ದಾಗ ಎಲ್ಲಾ ಬ್ಯಾಗೂ ಹಿತವಾಗೇ ಇರುತ್ತೆ. ಅಂಗಡಿಗೆ ನೀರಿನ ಬಾಟಲಿ ತಗೊಂಡು ಹೋಗಿ, ಐದು ಕಿಲೋ ತುಂಬಿಸಿ, ಇಪ್ಪತ್ತು ನಿಮಿಷ ಓಡಾಡಿ. ಆನ್‌ಲೈನಲ್ಲಿ ತರಿಸಿದ್ರೆ ವಾಪಸ್ ತಗೋತಾರಾ ಅಂತ ನೋಡ್ಕೊಳ್ಳಿ, ಟ್ಯಾಗ್ ಕೀಳದೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ. ನಾನು ಹಾಗೆ ಒಂಬತ್ತನೇ ಮಹಡಿಗೆ ಮೂರು ಸಲ ಹತ್ತಿದಾಗ ವಾಚ್‌ಮನ್ ಬಂದು "ಲಿಫ್ಟ್ ಬಂದ್ ಹೈ ಕ್ಯಾ, ಮೇಡಂ?" ಅಂತ ಕೇಳಿದ್ದ. (ನಗು)

ಆ ಮೆಟ್ಟಿಲು ಹತ್ತಿ ಉಳಿಸಿಕೊಂಡ ಬ್ಯಾಗು 24 ಲೀಟರಿನದು. ನನ್ನ ಆ ದುಬಾರಿ ಬ್ಯಾಗಿನ ಅರ್ಧ ಬೆಲೆ. ಅದರ ಜೊತೆ ಮೊದಲು ಹೋಗಿದ್ದು ಸಿಂಹಗಡಕ್ಕೆ, ಆತಕರವಾಡಿಯಿಂದ ನಡ್ಕೊಂಡು. ಅವ್ವ ಜೊತೆಗೆ ಬಂದಿದ್ದಳು. ನಿಂತು ನಿಂತು ಹತ್ತಿದಳು, ಆದ್ರೆ ಹತ್ತಿದಳು. ಮೇಲೆ ಪಿಠ್ಲಾ ಭಾಕ್ರಿ ಕೊಟ್ಟಾಗ "ಇದು ನಮ್ಮ ಝುಣಕ ರೊಟ್ಟೀನ ಅಲ್ಲೇನ?" ಅಂತ ಕೇಳಿ ಎರಡು ರೊಟ್ಟಿ ತಿಂದಳು. ಅವಳ ನೀರು, ಅವಳ ಸ್ವೆಟರ್ ಎಲ್ಲಾ ನನ್ನ ಬ್ಯಾಗಲ್ಲಿತ್ತು. ಆರೂವರೆ ಕಿಲೋ. ಹೆಗಲು ಉರಿಯಲಿಲ್ಲ.

ಹೋದ ಡಿಸೆಂಬರಲ್ಲಿ ಮತ್ತೆ ರಾಜಗಡಕ್ಕೆ ಹೋದೆ. ಅದೇ ಗುಂಜವಣೆ ದಾರಿ. ಕಂಬಿ ಹತ್ತಿರ ಬಂದಾಗ ಒಂದು ನಿಮಿಷ ನಿಂತೆ, ಸುಳ್ಳು ಯಾಕೆ ಹೇಳಲಿ, ಹೆದರಿಕೆ ಇತ್ತು. ಹಿಡಿದೆ. ಕಬ್ಬಿಣ ತಣ್ಣಗಿತ್ತು, ಬೆಳಗಿನ ಇಬ್ಬನಿಗೆ ಒದ್ದೆಯಾಗಿತ್ತು. ಎರಡೂ ಕೈಗೆ ಗೊತ್ತಾಯ್ತು.

ನಮ್ಮ ಹಿಂದೆ ಬೇರೆ ಗುಂಪಿನ ಒಬ್ಬಳು ಹುಡುಗಿ ಬಂದಳು, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವಳ ಹಾಗಿದ್ದಳು. ಬ್ಯಾಗು ಸೊಂಟದ ಕೆಳಗೆ ನೇತಾಡ್ತಿತ್ತು, ಕೈ ಒದರಿಕೊಳ್ತಾ ಇದ್ದಳು. ಅವಳ ಜೊತೆಗಾರ "ಕೊಡು, ನಾನು ಹಿಡ್ಕೋತೀನಿ" ಅಂತ ಕೈ ಚಾಚಿದ. ನಾನು ಮಧ್ಯೆ ಬಾಯಿ ಹಾಕಿದೆ. ಎರಡು ನಿಮಿಷದಲ್ಲಿ ಪಟ್ಟಿ ಎಲ್ಲಾ ಸಡಿಲ ಮಾಡಿ, ಬ್ಯಾಗು ಮೇಲಕ್ಕೆತ್ತಿ, ಸೊಂಟಕ್ಕೆ ಕಟ್ಟಿಕೊಟ್ಟೆ. ಬ್ಯಾಗು ಅವಳ ಅಳತೆಯದ್ದೇನೂ ಆಗಿರಲಿಲ್ಲ, ಆದ್ರೂ ಅವಳು ಅದನ್ನ ಮೇಲಿನ ತನಕ ತಾನೇ ಹೊತ್ತಳು.

ಹಾಗಾಗಿ ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ಮನೆಗೆ ಹೋಗಿ ಒಂದು ಟೇಪ್ ಹುಡುಕಿ, ಯಾರ ಹತ್ತಿರಾನಾದರೂ ಬೆನ್ನು ಅಳೆಸಿಕೊಳ್ಳಿ, ಆ ನಂಬರನ್ನ ಫೋನಲ್ಲಿ ಬರೆದಿಟ್ಟುಕೊಳ್ಳಿ. "ನನಗೆ ಆಗಲ್ಲ" ಅಂತ ತೀರ್ಮಾನ ಮಾಡೋಕೆ ಮುಂಚೆ ಬ್ಯಾಗು ನಿಮ್ಮ ಅಳತೆಯದ್ದಾ ಅಂತ ಒಂದು ಸಲ ನೋಡಿ.