ಸಾಲದ ಅರ್ಜಿ ಹತ್ತು ಕಡೆ ಬೇಡ
(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಸಾಲದ ಮಾತು ಏಕೆ ಆಡಬೇಕೆಂದು ನಿಮಗೆ ಅನ್ನಿಸಬಹುದು. ಬಿತ್ತನೆಗೆ ಹದ ಬಂದಾಗ ಬೀಜ, ಗೊಬ್ಬರ ಕೈಯಲ್ಲಿರಬೇಕು. ಹಣ ಹದಿನೈದು ದಿನ ತಡವಾದರೆ ಹದ ತಪ್ಪುತ್ತದೆ. ಆಮೇಲೆ ಎಂಥ ಒಳ್ಳೆಯ ತಳಿಯಾದರೂ ಪೂರ್ಣ ಇಳುವರಿ ಕೊಡಲಾರದು. ಆದ್ದರಿಂದ ಸಾಲ ಮಂಜೂರಾತಿಗೆ ಅಡ್ಡಿಯಾಗಬಹುದಾದ ಒಂದು ಸಂಗತಿಯನ್ನು ಇಂದು ತಿಳಿಸುತ್ತೇನೆ.

ವಿಚಾರಣೆ ಎಂದರೇನು?

ಸಾಲಗಾರರ ಲೆಕ್ಕ ಇಡಲು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ 4 ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವು 2005ರ ಕಾಯಿದೆಗೆ ಒಳಪಟ್ಟಿವೆ. ಊರಿನಲ್ಲಿ ಜನ 'ಸಿಬಿಲ್' ಎನ್ನುವುದು 300ರಿಂದ 900ರವರೆಗಿನ ಅಂಕವನ್ನು.

ನೀವು ಸಾಲಕ್ಕೆ ಅರ್ಜಿ ಕೊಟ್ಟಾಗ ಬ್ಯಾಂಕು ನಿಮ್ಮ ವರದಿಯನ್ನು ತರಿಸಿಕೊಳ್ಳುತ್ತದೆ. ಇದೇ ವಿಚಾರಣೆ. ಅದರ ದಿನಾಂಕ, ಸಾಲದ ಉದ್ದೇಶ, ಕೇಳಿದ ಮೊತ್ತ ವರದಿಯಲ್ಲಿ ದಾಖಲಾಗುತ್ತವೆ. ಸಾಲ ಸಿಗಲಿ, ಸಿಗದಿರಲಿ, ದಾಖಲೆ ಉಳಿಯುತ್ತದೆ.

ಇದರಿಂದ ತೊಂದರೆ ಹೇಗೆ?

ಟ್ರ್ಯಾಕ್ಟರ್ ಕೊಳ್ಳಲು ಹೋದ ರೈತರೊಬ್ಬರನ್ನು ಊಹಿಸಿಕೊಳ್ಳಿ. ಅಂಗಡಿಯವರು ಅವರ ಕಾಗದಪತ್ರಗಳನ್ನು ನಾಲ್ಕು ಫೈನಾನ್ಸ್ ಕಂಪನಿಗಳಿಗೆ ಕಳುಹಿಸುತ್ತಾರೆ. ನಾಲ್ಕೂ ಕಡೆಯವರು ವರದಿ ತರಿಸುತ್ತಾರೆ. ಮರುವಾರ ಈ ರೈತರು ತಮ್ಮ ಬ್ಯಾಂಕಿಗೆ ಹೋದರೆ, ಒಂದೇ ವಾರದ ನಾಲ್ಕು ವಿಚಾರಣೆಗಳು ವ್ಯವಸ್ಥಾಪಕರ ಕಣ್ಣಿಗೆ ಬೀಳುತ್ತವೆ. "ಅವರೆಲ್ಲ ಏಕೆ ಕೊಡಲಿಲ್ಲ? ಕೊಟ್ಟಿದ್ದರೆ ಆ ಸಾಲ ಇನ್ನೂ ವರದಿಗೆ ಬಂದಿಲ್ಲವೇ?" ಎಂಬ ಅನುಮಾನ ಅವರಿಗೆ ಸಹಜ. ಅಂಕವೂ ಸ್ವಲ್ಪ ಇಳಿಯಬಹುದು.

ಹಾಗೆಂದು ಒಂದೆರಡು ವಿಚಾರಣೆಗೆ ಹೆದರಬೇಕಾಗಿಲ್ಲ. ಕಂತನ್ನು ಕಾಲಕ್ಕೆ ಸರಿಯಾಗಿ ಕಟ್ಟುವುದೇ ಎಲ್ಲಕ್ಕಿಂತ ಮುಖ್ಯ. ಸುಸ್ತಿಯಾದ ಸಾಲ ಮಾಡುವಷ್ಟು ಹಾನಿಯನ್ನು ವಿಚಾರಣೆ ಮಾಡುವುದಿಲ್ಲ.

ರೈತರು ಮಾಡಬೇಕಾದದ್ದು

1. ಅರ್ಜಿಗೆ ಮುಂಚೆ ನಿಮ್ಮ ವರದಿಯನ್ನು ನೀವೇ ನೋಡಿ. 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದರೆ ಹೊಲದ ಸಾರ ಕಡಿಮೆಯಾಗುತ್ತದೆಯೇ?

2. ಬಡ್ಡಿ, ಅವಧಿ, ಬೇಕಾದ ದಾಖಲೆಗಳನ್ನು ಮೊದಲು ಬಾಯಿಮಾತಿನಲ್ಲಿ ವಿಚಾರಿಸಿ. ಸರಿಯೆನಿಸಿದ ಒಂದು ಕಡೆ ಮಾತ್ರ ಅರ್ಜಿ ಕೊಡಿ.

3. ಅಂಗಡಿಯಲ್ಲಾಗಲಿ, ಮೊಬೈಲಿನ ಸಾಲದ ಆ್ಯಪಿನಲ್ಲಾಗಲಿ ಓದದೆ ಒಪ್ಪಿಗೆ ಕೊಡಬೇಡಿ. ಓಟಿಪಿ ಹೇಳಬೇಡಿ.

4. ವರದಿಯನ್ನು ಯಾರಾದರೂ ತರಿಸಿದಾಗ ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಬ್ಯಾಂಕಿನಲ್ಲಿ ಸರಿಯಾದ ಮೊಬೈಲ್ ಸಂಖ್ಯೆ ಕೊಟ್ಟಿರಿ.

5. ನೀವು ಕೇಳದ ಸಾಲದ ವಿಚಾರಣೆ ಕಂಡರೆ ತಕ್ಷಣ ಬರವಣಿಗೆಯಲ್ಲಿ ದೂರು ಕೊಡಿ. ದೂರು 30 ದಿನಗಳಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.

ವಿಸ್ತರಣಾ ಕಾರ್ಯಕರ್ತರು ಬೇಸಗೆಯ ಸಭೆಗಳಲ್ಲಿಯೇ ಈ ವರದಿ ತೆಗೆಯುವ ಕ್ರಮವನ್ನು ತೋರಿಸಿಕೊಡಬೇಕು. ತಪ್ಪಿದ್ದರೆ ತಿದ್ದಿಸಲು ಆಗ ಸಮಯವಿರುತ್ತದೆ. ಮಳೆ ಬಿದ್ದ ಮೇಲೆ ರೈತನ ಕಾಲು ಹೊಲದಲ್ಲಿರಬೇಕೇ ಹೊರತು ಬ್ಯಾಂಕಿನ ಮೆಟ್ಟಿಲ ಮೇಲಲ್ಲ.